ರೈಟ್ ಅಂದರೆ ಯಾವ ಕಾಲು?

ಶಿಕಾಗೋ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಎಡ ಮಂಡಿಯ ಆಪರೇಷನ್ ಆಗಿದ್ದ ಲಿಥುವೇನಿಯಾದ ಅಜ್ಜಿಯೊಬ್ಬರಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಎಡಗಾಲು ಎತ್ತಿ ಅಂದರೆ ಬಲಗಾಲು ಎತ್ತುತ್ತಿದ್ದರು, ಇಲ್ಲವೇ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಎರಡು ದಿನ ಹೀಗೇ ಆಯಿತು. "ಹೇಳಿದ್ದು ಇವರಿಗೆ ಅರ್ಥವಾಗುತ್ತಿಲ್ಲ, ಒಬ್ಬರನ್ನೇ ಮನೆಗೆ ಕಳಿಸುವುದು ಬೇಡ" ಅಂತ ಅವರ ಮುಂದೆಯೇ ಹೇಳಿಕೊಂಡು ಫೈಲಿನಲ್ಲಿ ಬರೆಯಲು ಹೊರಟೆ.

ಅಜ್ಜಿ ನನ್ನ ಕೈ ಹಿಡಿದರು. "ನೀನು 'ಲೆಫ್ಟ್ ಲೆಗ್, ರೈಟ್?' ಅಂತೀಯ. ಯಾವ ಕಾಲು ಎತ್ತಲಿ ಮಗಳೇ?"

ನನಗೆ ನಾಚಿಕೆಯಾಯಿತು. ಮಾತಿನ ಕೊನೆಗೆಲ್ಲ 'ರೈಟ್?' ಸೇರಿಸುವುದು ಬೆಂಗಳೂರಿನ ಕಾಲೇಜಿನಿಂದ ಬಂದ ಚಟ. "ತಪ್ಪಾಯ್ತು ಅಜ್ಜಿ. ನಮ್ಮ ಭಾಷೆಯಲ್ಲಿ ಬಲಕ್ಕೊಂದು ಪದ, ಸರಿಗೊಂದು ಪದ ಇದೆ" ಅಂದೆ.

"ನಮ್ಮಲ್ಲೂ ಹಾಗೇ! ಬಲಗಡೆಗೆ ದೆಶಿನೇ, ಸರಿ ಅನ್ನೋಕೆ ತೇಯ್ಸಿಂಗೈ."

ದೆಶಿನೇ ಅಂದಾಗ ಪ್ರದಕ್ಷಿಣೆ ನೆನಪಾಯಿತು. ದೇವರನ್ನು ಬಲಕ್ಕಿಟ್ಟುಕೊಂಡು ನಾವು ಸುತ್ತುವುದನ್ನು, ಸಂಸ್ಕೃತದಲ್ಲಿ ದಕ್ಷಿಣ ಅಂದರೆ ಬಲವೂ ಹೌದು ಅನ್ನುವುದನ್ನು ಹೇಳಿದೆ. "ದಕ್ಷಿಣ, ದೆಶಿನೇ" ಅಂತ ಇಬ್ಬರೂ ಹೇಳಿಕೊಂಡು ನಕ್ಕೆವು. ಆಮೇಲೆ ಅಜ್ಜಿ ಹತ್ತು ಸಲ, ಒಮ್ಮೆಯೂ ತಪ್ಪದೆ, ಎಡಗಾಲೇ ಎತ್ತಿದರು.

"ಇನ್ನೊಂದು ರೈಟ್ ಉಳಿದಿದೆ" ಅಂದರು. "ತೇಯ್ಸೇ, ಅಂದರೆ ಹಕ್ಕು. ನನ್ನ ಮನೆಗೆ ಹೋಗೋದು ನನ್ನ ತೇಯ್ಸೇ."

ಮನೆಗೆ ಹೋಗಬಹುದು ಅಂತಲೇ ಬರೆದೆ. ಹೋಗುವಾಗ ಆಸ್ಪತ್ರೆಯ ಅಭಿಪ್ರಾಯದ ಕಾರ್ಡಿನಲ್ಲಿ ಅವರೂ ನನ್ನ ಬಗ್ಗೆ ಬರೆದಿದ್ದರು: "ಹುಡುಗಿ ಒಳ್ಳೆಯವಳು. ನಿಧಾನವಾಗಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾಳೆ."