ಓಟ್ಸ್ ಡಬ್ಬದ ತಳದ ಚೀಟಿ

ನನ್ನ ಟೈಪ್‌ರೈಟರಿನ ಪಕ್ಕದಲ್ಲಿ ಒಂದು ಹಳೆಯ ತಗಡಿನ ಡಬ್ಬ ಇದೆ. ಗುಂಡುಸೂಜಿ ಹಾಕಿಡುತ್ತೇನೆ. ಮೈಮೇಲೆ ಇಂಗ್ಲಿಷ್ ಅಕ್ಷರ, ತಳದಲ್ಲಿ ಕನ್ನಡದ ಒಂದು ಚೀಟಿ. ಒಬ್ಬ ಮನುಷ್ಯನ ಮೇಲೆ ನಾನು ತೀರಿಸಿಕೊಂಡ ಸೇಡಿನಲ್ಲಿ ಉಳಿದಿರುವುದು ಇದೊಂದೇ. ಸೇಡು ಒಳ್ಳೆಯದಲ್ಲ ಎಂದು ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರನ್ನು ಯಾರೂ ಅಂಗಳದಲ್ಲಿ ಕೂರಿಸಿ ತಿನ್ನಿಸಿರಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ಹೊಳೆನರಸೀಪುರದಲ್ಲಿ ಒಬ್ಬ ನಿವೃತ್ತ ಅಮಲ್ದಾರರ ಮನೆಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿ ಮೂರು ವರ್ಷವಾಗಿತ್ತು, ಮೀಸೆ ಚೆನ್ನಾಗಿ ಬಂದಿತ್ತು, ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಅಮಲ್ದಾರರಿಗೆ ಬೆಳಿಗ್ಗೆ ಇಂಗ್ಲಿಷ್ ತಿಂಡಿಯ ಶೋಕಿ. ಅವರ ಹೆಂಡತಿ ಮಡಿಯವರು. ಡಬ್ಬದಲ್ಲಿ ಬಂದದ್ದು ಒಳಗಿನ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದಕ್ಕೆಂದೇ ಹಿತ್ತಿಲ ಜಗಲಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಆ ಒಲೆಗೆ ನಾನು. ಒಳಗೆ ಕಾಲಿಡಬಾರದ ನಾನು ಮನೆಯ ಯಜಮಾನರ ತಿಂಡಿ ಮಾಡಬಹುದಿತ್ತು, ಯಾಕೆಂದರೆ ಆ ತಿಂಡಿಯೂ ಒಳಗೆ ಬರಬಾರದ್ದೇ.

ಮೊದಲು ಬಂದದ್ದು ಕಾರ್ನ್‌ಫ್ಲೇಕ್ಸ್ ಎಂಬ ಜೋಳದ ಚಕ್ಕೆ. ಹಪ್ಪಳದ ಚೂರು ಅಂದುಕೊಂಡು ಎಣ್ಣೆಯಲ್ಲಿ ಕರಿದುಕೊಟ್ಟೆ. ಅವತ್ತು ಅವರೊಬ್ಬರೇ ಇದ್ದರು. ಬೈದು, ತಣ್ಣನೆಯ ಹಾಲು ಸಕ್ಕರೆ ಹಾಕಿ ತಿನ್ನುವುದನ್ನು ತೋರಿಸಿದರು. ಕಲಿತೆ.

ಆಮೇಲೆ ಒಂದು ಭಾನುವಾರ ಈ ಡಬ್ಬ ಬಂತು. ಊರಿನ ಡಾಕ್ಟರು ಮತ್ತು ಹೆಡ್‌ಮಾಸ್ಟರು ತಿಂಡಿಗೆ ಬಂದಿದ್ದರು. "ಮೂರು ಜನಕ್ಕೆ ಡಬ್ಬದ್ದು ಮಾಡು" ಎಂದಷ್ಟೇ ಅಮಲ್ದಾರರು ಹೇಳಿಹೋದರು. ಮುಚ್ಚಳ ತೆಗೆದು ನೋಡಿದರೆ ಅವಲಕ್ಕಿ! ಸ್ವಲ್ಪ ಮಾಸಲು ಬಣ್ಣ, ಅಷ್ಟೇ. ಅವಲಕ್ಕಿಯನ್ನು ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡಬ್ಬ ಪೂರ್ತಿ ಸುರಿದುಕೊಂಡೆ. ಮೂರು ನೀರಿನಲ್ಲಿ ತೊಳೆದೆ, ಹಿಂಡಿದೆ, ನೆನೆಯಲು ಬಿಟ್ಟೆ. ಸಾಸಿವೆ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ, ಮೇಲೆ ಕಾಯಿತುರಿ ಉದುರಿಸಿದೆ. ಅಷ್ಟರಲ್ಲಿ ಅದು ಗೋಡೆಗೆ ಕಾಗದ ಅಂಟಿಸುವ ಗೋಂದಿನಂತಾಗಿತ್ತು. ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ಇನ್ನೇನು ಮಾಡಲಿ, ತಂದಿಟ್ಟೆ.

ಅಮಲ್ದಾರರು ಚಮಚ ಎತ್ತಿದರೆ ತಟ್ಟೆಯೂ ಜೊತೆಗೆ ಎದ್ದಿತು.

"ಏನೋ ಇದು?"

"ಒಗ್ಗರಣೆ ಅವಲಕ್ಕಿ ಸಾ. ಡಬ್ದಾಗೆ ಬಂದಿತ್ತಲ್ಲ, ಅದೇಯ."

"ಡಬ್ಬ ತಗೊಂಡ್ ಬಾ." ತಂದೆ. "ಅದರ ಮೇಲೆ ಏನ್ ಬರ್ದಿದೆ? ಓದು."

"ಓದಕ್ ಬರಾಕಿಲ್ಲ ಸಾ."

"ಹಾಗಾದ್ರೆ ಮೂಸಿ ನೋಡಿ ಹೇಳು. ನಾಯಿಗೆ ಅಷ್ಟಾದ್ರೂ ಬರತ್ತೆ."

ಡಾಕ್ಟರು ನಕ್ಕರು. ಹೆಡ್‌ಮಾಸ್ಟರು ಅವರಿಗಿಂತ ಜೋರಾಗಿ ನಕ್ಕರು. ಅಕ್ಷರ ಕಲಿಸಿ ಸಂಬಳ ತಿನ್ನುವ ಮನುಷ್ಯ! ಅಮಲ್ದಾರರು ಡಬ್ಬವನ್ನು ನನ್ನ ಮೂಗಿಗೆ ಹಿಡಿದರು. "ಬಿಸಿ ಹಾಲು ಸುರಿದು ಹಾಗೇ ತಿನ್ನಬೇಕು ಅಂತ ಬರ್ದಿದೆ ಕಣೋ ಮೃಗ. ಇದನ್ನ ಯಾರಾದ್ರೂ ತೊಳೀತಾರೇನೋ?" ಎಂದರು. ಆಮೇಲೆ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಕೈ ತೋರಿಸಿದರು. "ಪೂರ್ತಿ ತಿನ್ನು. ಮುಗಿಯೋ ತನಕ ಏಳಕೂಡದು."

ಬಿಸಿಲಿನಲ್ಲಿ ಕೂತು ತಿಂದೆ. ಮೂರು ಜನಕ್ಕೆ ಮಾಡಿದ್ದು. ಅಂಟು ಗಂಟಲಿಗೆ ಹಿಡಿಯುತ್ತಿತ್ತು. ಅವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ಅರ್ಧ ತಿಂದಾಗ ತಲೆ ಎತ್ತಿದೆ. ಗೇಟಿನ ಹತ್ತಿರ ನನ್ನ ಹೆಂಡತಿ ಮೊಸರಿನ ಗಡಿಗೆ ಹೊತ್ತು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮುಗಿಸಿದ ಮೇಲೆ "ನಾಳೆಯಿಂದ ಬರಬೇಡ" ಎಂದು ಖಾಲಿ ಡಬ್ಬವನ್ನು ನನ್ನ ಹಿಂದೆ ಎಸೆದರು. ಎತ್ತಿಕೊಂಡೆ. ದಾರಿಯಲ್ಲಿ ಹೆಂಡತಿ ಒಂದೇ ಮಾತು ಆಡಿದಳು: "ಅದ್ಯಾಕ್ ಒತ್ಕೊಂಡ್ ಬತ್ತಿದೀಯ, ಬಿಸಾಕು." ನಾನು ಬಿಸಾಕಲಿಲ್ಲ. ಆ ಡಬ್ಬದ ಮೇಲಿರುವುದನ್ನು ಅದೇ ಜಗಲಿಯಲ್ಲಿ, ಅದೇ ಇಬ್ಬರ ಮುಂದೆ, ಆ ಮನುಷ್ಯನಿಗೆ ಓದಿ ಹೇಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕಿಂತ ದೊಡ್ಡ ಆಸೆ ನನ್ನ ಜೀವನದಲ್ಲಿ ಹಿಂದೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಹಾಸನದಲ್ಲಿ ಒಂದು ಬೇಕರಿಗೆ ಸೇರಿದೆ. ಅದರ ಯಜಮಾನ, ಕಾಫಿತೋಟದ ಪ್ಲಾಂಟರುಗಳ ಬಂಗಲೆಯಲ್ಲಿ ಒಲೆ ಕೆಲಸ ಕಲಿತ ಮುದುಕ. ಬ್ರೆಡ್ಡು ಒಲೆಯಿಂದ ಹೊರಬಿದ್ದ ಮೇಲೆ ಮಧ್ಯಾಹ್ನ ಕೆಲಸವಿರುತ್ತಿರಲಿಲ್ಲ. ಛತ್ರದ ಜಗಲಿಯಲ್ಲಿ ದೊಡ್ಡವರಿಗೆ ಕನ್ನಡ ಅಕ್ಷರ ಹೇಳಿಕೊಡುತ್ತಿದ್ದರು. ಹೋದೆ. ಇಂಗ್ಲಿಷ್ ಅಕ್ಷರವನ್ನು, ಅಡುಗೆಯ ನಾಲ್ಕು ಮಾತಿನ ಅರ್ಥವನ್ನು ಮುದುಕನೇ ಮೈದಾ ಹಲಗೆಯ ಮೇಲೆ ಬೆರಳಿನಿಂದ ಬರೆದು ಕಲಿಸಿದ. "ಇಪ್ಪತ್ತೆಂಟ್ ವರ್ಸಕ್ಕೆ ಎ ಬಿ ಸಿ ಡಿ ಯಾಕ್ಲಾ ನಿಂಗೆ? ಗೌರ್ನರ್‌ಗೆ ಕಾಗ್ದ ಬರೀತೀಯಾ?" ಎನ್ನುತ್ತಿದ್ದ. ನನ್ನ ಪಠ್ಯಪುಸ್ತಕ ಈ ಡಬ್ಬ. ಎರಡು ವರ್ಷ ಹಿಡಿಯಿತು. ಒಂದು ದಿನ ಅದರ ಸಾಲುಗಳು ಪೂರ್ತಿ ಬಿಡಿಸಿಕೊಂಡವು: ನೀರು ಕುದಿಸಿ, ಉಪ್ಪು ಹಾಕಿ, ತಿರುವುತ್ತಾ ಬೇಯಿಸಬೇಕು. ಬಿಸಿ ಹಾಲು ಸುರಿದು ಹಾಗೇ ತಿನ್ನುವ ಮಾತು ಎಲ್ಲೂ ಇರಲಿಲ್ಲ. ಅಮಲ್ದಾರರೂ ಓದಿರಲಿಲ್ಲ! ಒಲೆಯ ಮುಂದೆ ಒಬ್ಬನೇ ಕೂತು ನಕ್ಕೆ. ಆ ಗುಟ್ಟನ್ನು ಹೆಂಡತಿಗೂ ಹೇಳದೆ ಬಚ್ಚಿಟ್ಟುಕೊಂಡೆ.

ಯುದ್ಧ ಬಂದು ವಿಲಾಯಿತಿ ಡಬ್ಬ ನಿಂತುಹೋಯಿತು. ಹೊಳೆನರಸೀಪುರದಿಂದ ಅಮಲ್ದಾರರ ಗಾಡಿಯವನು ತಿಂಗಳಿಗೊಮ್ಮೆ ಬೇಕರಿಗೆ ಬಂದು "ಇಂಗ್ಲಿಸ್ ತಿಂಡಿ ಏನಾರ ಬಂತಾ?" ಎಂದು ಕೇಳುತ್ತಿದ್ದ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಆಗ ಹೊಳೆಯಿತು.

ಚನ್ನರಾಯಪಟ್ಟಣದ ಒಬ್ಬ ಜೈನ ವ್ಯಾಪಾರಿಯ ಅಂಗಡಿಯಿಂದ ಗಟ್ಟಿ ಅವಲಕ್ಕಿ, ಕಡಲೆಕಾಯಿಬೀಜ, ಎಳ್ಳು ತಂದೆ. ಅರಕಲಗೂಡಿನ ತವರಿನಿಂದ ಹೆಂಡತಿ ತುಪ್ಪ ತರಿಸಿದಳು. ಕೊಬ್ಬರಿಯನ್ನು ತೆಳ್ಳಗೆ ಹೆಚ್ಚಿ, ಎಲ್ಲವನ್ನೂ ಬೆಲ್ಲದ ಪಾಕದಲ್ಲಿ ಕಲೆಸಿ ತಗಡಿನಲ್ಲಿ ಹರಡಿ ಒಲೆಗಿಟ್ಟೆ. ಮೊದಲ ಸಲ ಪಾಕ ಏರಿ ಕಲ್ಲಾಯಿತು. ಮುದುಕ ಕಚ್ಚಿ ದವಡೆ ಹಿಡಿದುಕೊಂಡ. "ಲೇ, ಇರೋದೇ ನಾಲ್ಕ್ ಅಲ್ಲು ಕಣ್ಲಾ! ಯಾರ್ ಮ್ಯಾಲ್ ಸಿಟ್ಟು ನಿಂಗೆ?" ಎಂದ. ಎರಡನೆಯ ಸಲ ಎಳ್ಳು ಕರಕಲು. ಮೂರನೆಯ ಸಲ ಬುದ್ಧಿ ಬಂತು. ಪಾಕ ಒಂದೆಳೆ ಬರುತ್ತಲೇ ಇಳಿಸಬೇಕು. ಬ್ರೆಡ್ಡು ತೆಗೆದ ಮೇಲೆ ಒಲೆಯ ಕಾವು ಇಳಿಯುತ್ತದಲ್ಲ, ಆ ಇಳಿಗಾವಿನಲ್ಲಿ ಇಟ್ಟು ಮೂರು ಸಲ ಮಗುಚಬೇಕು. ಚಕ್ಕೆ ಚಕ್ಕೆಯಾಗಿ, ಹೊಂಬಣ್ಣಕ್ಕೆ, ಗರಿಗರಿಯಾಗಿ ಬಂತು. ಬೇಕರಿಗೆ ಬಂದಿದ್ದ ಆ ವ್ಯಾಪಾರಿಗೂ ಒಂದು ಹಿಡಿ ಕೊಟ್ಟೆ. ಬಾಯಿಗಿಡುವ ಮುಂಚೆ "ಜೇನುತುಪ್ಪ ಹಾಕಿಲ್ಲ ತಾನೆ? ನಾವು ಮುಟ್ಟೋಹಾಗಿಲ್ಲ" ಎಂದರು. "ಬರೀ ಬೆಲ್ಲ" ಎಂದೆ. ಪೊಟ್ಟಣ ಕಟ್ಟಿಸಿಕೊಂಡು ಹೋದರು.

ಹಳೆಯ ಡಬ್ಬವನ್ನು ಹುಣಸೆಹಣ್ಣು ಬೂದಿ ಹಾಕಿ ಒಳಗೆಲ್ಲ ಬೆಳಗಿದೆ, ಹೊರಗಿನ ಅಕ್ಷರ ಅಳಿಸದಂತೆ. ತುಂಬಿದೆ. ತಳಕ್ಕೆ ಮೈದಾ ಅಂಟಿನಿಂದ ಒಂದು ಚೀಟಿ ಅಂಟಿಸಿದೆ, ನನ್ನ ಕೈಯಕ್ಷರದ್ದು. ಕನ್ನಡಕ ಹಾಕಿಕೊಂಡು, ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಭಾನುವಾರ ಬೆಳಿಗ್ಗೆಯೇ ಹೊಳೆನರಸೀಪುರಕ್ಕೆ ಹೋದೆ.

ಜಗಲಿ ಅದೇ. ಡಾಕ್ಟರು, ಹೆಡ್‌ಮಾಸ್ಟರು ಅವರೇ, ತಲೆ ನರೆತಿತ್ತು; ಕನ್ನಡಕ ಹಾಕಿದ ನನ್ನ ಗುರುತು ಅವರಿಗೆ ಸಿಗಲಿಲ್ಲ. ಅಮಲ್ದಾರರ ಕಣ್ಣಿಗೆ ಪೊರೆ ಬಂದಿತ್ತು. "ಹಾಸನದ ಬೇಕರಿಯಿಂದ ಸಾ" ಎಂದೆ. ಡಬ್ಬ ತಡವಿ ನೋಡಿ ಮುಖ ಅರಳಿಸಿದರು. ಹಾಲು ತರಿಸಿ ಮೂವರೂ ತಿಂದರು. ಅಮಲ್ದಾರರು ಎರಡನೆಯ ಸಲ ಹಾಕಿಸಿಕೊಂಡರು.

"ನೋಡಿ, ಇದಕ್ಕೇ ನಾನು ಹೇಳೋದು" ಎಂದರು ಹೆಡ್‌ಮಾಸ್ಟರಿಗೆ. "ನಮ್ಮ ಜನ ನೂರು ವರ್ಷ ತಿಪ್ಪರಲಾಗ ಹಾಕಿದ್ರೂ ಇಂಥಾದ್ದು ಮಾಡ್ತಾರೇನ್ರಿ?"

"ಛೇ, ಎಲ್ಲಿ ಸಾಧ್ಯ?" ಎಂದರು ಹೆಡ್‌ಮಾಸ್ಟರು.

"ಇದು ಯಾವುದೋ ಹೊಸಾದು. ಡಬ್ಬದ ಮೇಲೆ ಏನಿದೆ ನೋಡಯ್ಯ, ನನಗೆ ಕಣ್ಣು ಕಾಣಲ್ಲ. ಓದು."

ನಾನು ಕೇಳದೆಯೇ ಆ ಮಾತು ಅವರ ಬಾಯಿಂದ ಬಂತು. ಡಬ್ಬವನ್ನು ಕೈಗೆ ತಗೊಂಡೆ. ಮೊದಲು ಇಂಗ್ಲಿಷಿನಲ್ಲಿ ಓದಿದೆ, ಆಮೇಲೆ ಕನ್ನಡದಲ್ಲಿ ಹೇಳಿದೆ: ನೀರು ಕುದಿಸಿ, ಉಪ್ಪು ಹಾಕಿ, ತಿರುವುತ್ತಾ ಬೇಯಿಸಬೇಕು.

ಡಾಕ್ಟರು ಚಮಚ ಕೆಳಗಿಟ್ಟರು. "ಬೇಯಿಸ್ಬೇಕಾ? ಓಟ್ಸ್ ಡಬ್ಬ ಅಲ್ವೇ ಇದು? ಬಿಸಿ ಹಾಲು ಸುರಿದು ಹಾಗೇ ತಿನ್ನಬೇಕು ಅಂತ ಬರ್ದಿದೆ ಅಂತಿದ್ರಲ್ಲ. ಅಂದ್ರೆ ಅಷ್ಟು ವರ್ಷ ಹಸೀದೇ ತಿಂದ್ರಾ? ಹೊಟ್ಟೆ ಉಬ್ಬರ ಅಂತ ನನ್ನ ಪ್ರಾಣ ತೆಗೀತಿದ್ದದ್ದು ಇದಕ್ಕೇನಾ?" ಎಂದು ನಗಲು ಶುರುಮಾಡಿದರು.

"ತಳದಾಗೂ ಬರ್ದೈತೆ ಸಾ" ಎಂದೆ, ಬೇಕೆಂದೇ ಹಳೆಯ ಮಾತಿನಲ್ಲಿ. ಡಬ್ಬ ಮಗುಚಿ ಓದಿದೆ: "ಇದು ಅವಲಕ್ಕಿ. ಹಾಸನದಲ್ಲಿ ಮಾಡಿದ್ದು. ತೊಳೆಯಬೇಡಿ."

ಹೆಡ್‌ಮಾಸ್ಟರು ತಲೆ ತಗ್ಗಿಸಿದರು. ಅಮಲ್ದಾರರು ಪೊರೆಗಣ್ಣನ್ನು ನನ್ನ ಕಡೆ ತಿರುಗಿಸಿದರು. "ನೀನಾ" ಎಂದರು. ಬಟ್ಟಲನ್ನು ದೂರ ಸರಿಸಿದರು.

ನಾನು ಅದನ್ನು ತಿರುಗಿ ಅವರ ಮುಂದಕ್ಕೆ ಸರಿಸಿದೆ. "ಪೂರ್ತಿ ತಿನ್ನಿ ಸಾ. ಮುಗಿಯೋ ಗಂಟ ಏಳಬ್ಯಾಡಿ."

ಬಿಟ್ಟರೆ ಆ ಇಬ್ಬರ ಮುಂದೆ ಸೋತಂತೆ, ತಿಂದರೂ ಸೋತಂತೆ. ತಿಂದರು. ನಿಂತು ನೋಡಿದೆ. ಹಾಲು ಗಲ್ಲದ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಮುದುಕ, ಕಣ್ಣು ಕಾಣದವನು ಎಂದು ಮನಸ್ಸು ಒಂದು ಗಳಿಗೆ ಹಿಂಜರಿಯಿತು. ಆಗ ಗೇಟಿನ ಕಡೆ ನೋಡಿದೆ. ಅಲ್ಲಿ ನಿಂತವಳ ನೆನಪಾಯಿತು. ಹಿಂಜರಿತ ಹೋಯಿತು.

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ತಿಂದ್ನಾ?"

"ತಿಂದ."

"ತಳ ಕೆರ್ದು?"

"ಊಂ."

ಅವಳು ಅವತ್ತು ಪಾಯಸ ಮಾಡಿದಳು.

ಮುಂದಿನ ತಿಂಗಳು ಗಾಡಿಯವನು ಖಾಲಿ ಡಬ್ಬ ತಂದ. "ಅಮ್ಮಾವ್ರು ಕಳ್ಸವ್ರೆ. ಯಜಮಾನ್ರಿಗೆ ಅದೇ ಬೇಕಂತೆ, ಬ್ಯಾರೇದ್ ಮುಟ್ಟಾಕಿಲ್ವಂತೆ." ತಳದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದರು. ತುಂಬಿಕೊಟ್ಟೆ, ಹೊಸ ಚೀಟಿ ಅಂಟಿಸಿ. ಮತ್ತೆ ಕೆರೆದು ಕಳಿಸಿದರು. ಅಕ್ಷರ ದೊಡ್ಡದು ಮಾಡಿದೆ, ಪೊರೆಗಣ್ಣಿಗೂ ಕಾಣಲಿ ಎಂದು. ಹೀಗೆ ಯುದ್ಧ ಮುಗಿಯುವವರೆಗೂ ನಡೆಯಿತು.

ವಿಲಾಯಿತಿ ಓಟ್ಸ್ ಮತ್ತೆ ಅಂಗಡಿಗೆ ಬಂದಾಗ ಮೊದಲ ಡಬ್ಬ ನಾನೇ ಕೊಂಡೆ. ಒಂದು ಹಿಡಿ ತೆಗೆದು ಮೂರು ನೀರಿನಲ್ಲಿ ತೊಳೆದೆ, ಹಿಂಡಿದೆ, ನೆನೆಯಲು ಬಿಟ್ಟೆ. ಕೈ ಮರೆತಿರಲಿಲ್ಲ, ಅದೇ ಗೋಂದು ಬಂತು. ಅದರಿಂದ ಹಳೆಯ ಡಬ್ಬದ ತಳಕ್ಕೆ ಆ ತಿಂಗಳ ಚೀಟಿ ಅಂಟಿಸಿ ಇಳಿಗಾವಿನಲ್ಲಿ ಒಣಗಿಸಿ ಕಳಿಸಿದೆ.

ಡಬ್ಬ ವಾಪಸು ಬಂದಾಗ ತಳದ ತುಂಬ ಉಗುರಿನ ಗೀರುಗಳಿದ್ದವು. ಚೀಟಿ ಮಾತ್ರ ಕಿತ್ತು ಬಂದಿರಲಿಲ್ಲ. ಈಗಲೂ ಬಂದಿಲ್ಲ.