ಸೊಲ್ಲು ಎತ್ತಿಕೊಳ್ಳುವವರು

ಕೋವಿಡ್ ತಗ್ಗಿದ ಮರುವರ್ಷ ನಾನು ಮಧುಗಿರಿಯಲ್ಲಿದ್ದೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವವರನ್ನು ಮನೆಗೇ ಹೋಗಿ ನೋಡುವ ತಂಡದ ನರ್ಸ್. ಶಿರಾ, ಕೊರಟಗೆರೆ, ಪಾವಗಡ ಎಲ್ಲವೂ ನನ್ನ ಪಾಲಿಗೇ. ಕಾಲಿಗೆ ಚಕ್ರ ಕಟ್ಟಿಕೊಂಡ ಕೆಲಸ.

ಒಂದು ದಿನ ಪಟ್ಟನಾಯಕನಹಳ್ಳಿ ಕಡೆಯಿಂದ ರಂಗನಾಥ ಎಂಬವರು ಫೋನ್ ಮಾಡಿದರು. ಸಂಜೆಯಾದರೆ ಅವರ ತಾಯಿ ಈರಮ್ಮ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನ ದಿನ ಹೆದ್ದಾರಿಗೇ ಹೋಗಿ, ಲಾರಿಗೆ ಸಿಕ್ಕುವುದು ಕೂದಲೆಳೆಯಲ್ಲಿ ತಪ್ಪಿತ್ತು. ನಾನು ಹೋದಾಗ ರಂಗನಾಥ ಮಂಚದ ಕಾಲಿಗೆ ಹಳೇ ಸೀರೆ ಬಿಗಿಯುತ್ತಿದ್ದರು.

"ಇನ್ನೇನ್ ಮಾಡ್ಲಿ ಮೇಡಂ? ಕಟ್ಟಾಕ್ಬುಡ್ತೀನಿ. ಸತ್ತೋದ್ರೆ ಜನ ನನ್ನೇ ಅಂತಾರೆ."

ಬೈಗುಳ ನಾಲಿಗೆ ತುದಿಗೆ ಬಂದಿತ್ತು. ನಿದ್ದೆಯಿಲ್ಲದೆ ಕೆಂಪಾದ ಅವರ ಕಣ್ಣು ನೋಡಿ ನುಂಗಿಕೊಂಡೆ. "ಇವತ್ತೊಂದು ಸಂಜೆ ನನಗೆ ಬಿಡಿ" ಎಂದೆ.

ಬುದ್ಧಿಗೆ ಕೆಲಸ ಕೊಟ್ಟರೆ ಇಂಥವರ ಚಡಪಡಿಕೆ ಕೆಲವೊಮ್ಮೆ ತಗ್ಗುತ್ತದೆ. ಚಿತ್ರದ ಕಾರ್ಡು, ಬಣ್ಣದ ಮಣಿ ಮುಂದಿಟ್ಟೆ. ಈರಮ್ಮ ತಳ್ಳಿ ಎದ್ದರು.

"ಅತ್ತೆ ಊರ್ ಮದ್ವೆಗೆಲ್ಲಾ ಸೋಬಾನೆ ಹಾಡೋರು. ಅದ್ಕೇ ದಿನಾ ಸಂಜೆ ಹಾಕ್ತೀನಿ" ಎಂದು ಸೊಸೆ ಗೀತಾ ಮೊಬೈಲಿನಲ್ಲಿ ಹಾಡು ಹಾಕಿದಳು.

ಈರಮ್ಮ ಒಂದು ಸಾಲು ಹಾಡಿ, ನಿಲ್ಲಿಸಿ, ಪಕ್ಕಕ್ಕೆ ತಿರುಗಿದರು. ಮೊಬೈಲಿನವಳು ಕಾಯದೆ ಮುಂದಕ್ಕೆ ಓಡಿದಳು. ಅಜ್ಜಿ ಮತ್ತೆ ಹಾಡಿದರು, ಮತ್ತೆ ತಿರುಗಿದರು. ಆಮೇಲೆ ದಡಕ್ಕನೆ ಎದ್ದು ಹೊಸಿಲಿಗೆ ಹೋದರು. "ಎಲ್ ಹೋದ್ರೇ ಎಲ್ಲಾ? ಸೊಲ್ಲು ಎತ್ಕಳಾರೇ ಇಲ್ವಲ್ಲೇ!"

ಸೋಬಾನೆಯಲ್ಲಿ ಒಬ್ಬರು ಹೇಳಿದ ಸೊಲ್ಲನ್ನು, ಅಂದರೆ ಸಾಲನ್ನು, ಪಕ್ಕದವರು ಎತ್ತಿಕೊಂಡು ಹಾಡಬೇಕು, ಆಮೇಲೇ ಮುಂದಿನದು. ಅಜ್ಜಿ ದಿನಾ ಸಂಜೆ ಮನೆ ಬಿಡುತ್ತಿದ್ದುದು ಜೊತೆಗಾತಿಯರನ್ನು ಹುಡುಕಲು.

"ಅದನ್ನ ನಿಲ್ಲಿಸಿ, ನೀವೇ ಎತ್ತಿಕೊಳ್ಳಿ" ಎಂದು ಗೀತಾಳಿಗೆ ಹೇಳಿದೆ.

"ನಂಗೆ ರಾಗ ಬರಲ್ಲ ಮೇಡಂ."

"ನನಗೂ ಬರಲ್ಲ. ಬನ್ನಿ."

ನಮ್ಮ ಗಂಟಲಿಗೆ ಜಗಲಿಯ ಮೇಲಿದ್ದ ನಾಯಿ ಎದ್ದು ಹೋಯಿತು. ಈರಮ್ಮ ಮಾತ್ರ ತಿರುಗಿ ಬಂದು ಗೀತಾಳ ತೊಡೆ ತಟ್ಟಿದರು. "ಅಂಗಲ್ಲ ಕಣಮ್ಮ, ಎಳ್ದು ಹಾಡು." ಸೊಸೆ ಯಾರೆಂದು ಗೊತ್ತಿಲ್ಲದಿದ್ದರೂ ಅವಳನ್ನು ತಿದ್ದಲು ಕುಳಿತರು. ಕತ್ತಲಾದರೂ ಏಳಲಿಲ್ಲ.

ಕಾಯಿಲೆ ವಾಸಿಯಾಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ಸಂಜೆ ಎದ್ದು ಹೋಗುತ್ತಲೇ ಇದ್ದರು. ಆದರೆ ಅಂದಿನಿಂದ ನಾನು ಯಾರಿಗೂ "ಏನಾದರೂ ಚಟುವಟಿಕೆ ಕೊಡಿ" ಎಂದಿಲ್ಲ, "ಜೊತೆಗೆ ಕೂತು ಮಾಡಿ" ಎನ್ನುತ್ತೇನೆ.

ಮುಂದಿನ ಭೇಟಿಯ ದಿನ ಗೀತಾ ತವರಿಗೆ ಹೋಗಿದ್ದಳು. ರಂಗನಾಥರ ಊರಲ್ಲಿ ಗಂಡಸರು ಸೋಬಾನೆ ಹಾಡುವುದಿಲ್ಲ. ನಾಚಿಕೆಗೆ ಬಾಗಿಲು ಹಾಕಿಕೊಂಡು, ಒಡಕು ದನಿಯಲ್ಲಿ ರಂಗನಾಥ ಸೊಲ್ಲು ಎತ್ತಿಕೊಳ್ಳುತ್ತಿದ್ದರು. ನಾನು ಬಾಗಿಲು ತಟ್ಟದೆ ಕಿಟಕಿಯಲ್ಲೇ ನಿಂತು ನೋಡಿದೆ.

ಈರಮ್ಮ ಮಗನ ಗಲ್ಲ ಹಿಡಿದು ನೋಡಿದರು. "ಯಾರ ಮಗನ್ಲಾ ನೀನು? ನಿಮ್ಮವ್ವ ಪುಣ್ಯ ಮಾಡವ್ಳೆ ಕಣ್ಲಾ."