ಬಹುಮಾನದ ಮರುದಿನ ಬರುವ ಮೇಷ್ಟ್ರು

ಬೆಳಗಿನ ಆರೂ ಆಗಿಲ್ಲ. ಚಳ್ಳಕೆರೆಯ ಭವನವೊಂದರ ಶಟರ್ ಅರ್ಧ ಎತ್ತಿ, ಬಾಲರಾಜ್ ಮೇಷ್ಟ್ರು ಬಗ್ಗಿಕೊಂಡು ಒಳಗೆ ಹೋಗುತ್ತಾರೆ. ನಿನ್ನೆ ಇಲ್ಲಿ ಪ್ರೌಢಶಾಲೆ ಮಕ್ಕಳ ಚಿತ್ರಕಲೆ, ಕರಕುಶಲ ಸ್ಪರ್ಧೆಯ ಬಹುಮಾನ ವಿತರಣೆ. ಹಾರ, ಶಾಲು, ಭಾಷಣ ಎಲ್ಲವೂ ಸಾಂಗವಾಗಿ ನಡೆದಿವೆ. ಭಾಷಣ ಮಾಡಿದವರಲ್ಲಿ ಎಷ್ಟು ಮಂದಿ ಗೋಡೆಯ ಕಡೆ ತಿರುಗಿ ನೋಡಿದರು ಅಂತ ಮಾತ್ರ ಕೇಳಬೇಡಿ. ಹತ್ತು ಗಂಟೆಗೆ ಭವನ ಖಾಲಿ ಮಾಡಿಕೊಡಬೇಕು. ಮಧ್ಯಾಹ್ನ ಯಾರದೋ ನಿಶ್ಚಿತಾರ್ಥವಿದೆ.

ಮೇಷ್ಟ್ರಿಗೆ ಸಿಕ್ಕಿರುವುದು ಈ ನಾಲ್ಕು ಗಂಟೆ. ಉದುರಿದ ಹೂವು ಗುಡಿಸಿ, ಜೋತುಬಿದ್ದ ಹಾಳೆಗಳಿಗೆ ಗುಂಡುಪಿನ್ನು ಚುಚ್ಚಿ, ಬಹುಮಾನ, ತೀರ್ಪು ಬರೆದ ಚೀಟಿಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತಾರೆ. ಎಂಟಕ್ಕೆ ಮಕ್ಕಳು ಬರುತ್ತಾರೆ. ಅವರಿಗೆ ಚೀಟಿ ಕಾಣಬಾರದು, ಕೆಲಸ ಕಾಣಬೇಕು.

ಮೂಲೆಯ ರೇಷ್ಮೆ ತುಣುಕಿನ ಹತ್ತಿರ ಬಂದಾಗ ಅವರ ಕೈ ನಿಲ್ಲುತ್ತದೆ. ಒಂದೂವರೆ ಮೊಳದ ಬಟ್ಟೆ. ಮೊಳಕಾಲ್ಮೂರು ಕಡೆಯ ಹತ್ತನೇ ತರಗತಿ ಹುಡುಗಿ ತೇಜಶ್ರೀ ತನ್ನಪ್ಪನ ಮಗ್ಗದಲ್ಲಿ ಮಿಕ್ಕ ಎಳೆಯಿಂದ ನೇಯ್ದದ್ದು. ‘ಆಕೃತಿ ಅಸ್ಪಷ್ಟ. ಎಳೆಗಳು ಜೋತುಬಿದ್ದಿವೆ. ಅಚ್ಚುಕಟ್ಟು ಸಾಲದು’ ಎಂದು ತೀರ್ಪುಗಾರರು ಚೀಟಿಯಲ್ಲಿ ಬರೆದಿದ್ದಾರೆ. ಸಡಿಲಾದ ಪಿನ್ನು ಸರಿಮಾಡಲು ಮೇಷ್ಟ್ರು ಬಟ್ಟೆಯ ಅಂಚು ಎತ್ತುತ್ತಾರೆ. ಹಿಂಬದಿಯಲ್ಲಿ ಒಂದು ಗಿಣಿ! ಕೊಕ್ಕಿನಲ್ಲಿ ಹಣ್ಣು, ರೆಕ್ಕೆಯ ಮೇಲೆ ಜರಿ, ಒಂದೇ ಒಂದು ಎಳೆಯೂ ಅತ್ತಿತ್ತ ಸರಿದಿಲ್ಲ.

“ಅಯ್ಯೋ ದೇವ್ರೇ, ಎಂಥ ಕೆಲಸ ಮಾಡ್ಬಿಟ್ಟೆ” ಎಂದು ಅವರು ಅಲ್ಲೇ ಸ್ಟೂಲಿನ ಮೇಲೆ ಕುಸಿಯುತ್ತಾರೆ. ಬಟ್ಟೆ ನೇತುಹಾಕಿದವರು ಬೇರೆ ಯಾರೂ ಅಲ್ಲ, ಇವರೇ. ಮೂರು ದಿನದಿಂದ ಪ್ರದರ್ಶನಕ್ಕೆ ಬಂದವರಿಗೆಲ್ಲ ಗಿಣಿಯ ಬೆನ್ನು ತೋರಿಸಿದ್ದಾರೆ.

ಬಾಲರಾಜ್‌ಗೆ ಈಗ ಐವತ್ತೊಂದು. ಅತಿಥಿ ಶಿಕ್ಷಕರಾಗಿ ಡ್ರಾಯಿಂಗ್ ಕಲಿಸುತ್ತ ಇಪ್ಪತ್ತೆರಡು ವರ್ಷ ಆಯಿತು. ಅತಿಥಿ ಅಂತ ಹೆಸರಷ್ಟೇ, ಉಪಚಾರ ಏನೂ ಇಲ್ಲ. ತಳಕು, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆ ಒಟ್ಟು ಮೂರು ಶಾಲೆ, ನಾನೂರ ಹತ್ತು ಮಕ್ಕಳು. ಪರೀಕ್ಷೆ ಹತ್ತಿರ ಬಂದರೆ ಇವರ ಪಿರಿಯಡ್ಡು ಗಣಿತಕ್ಕೆ ಹೋಗುತ್ತದೆ. ಸ್ಪರ್ಧೆ ಬಂದರೆ ಮಾತ್ರ ಎಲ್ಲರಿಗೂ ಇವರ ನೆನಪು. ಬ್ಯಾನರ್ ಬರೆಯಬೇಕು, ಮೊಳೆ ಹೊಡೆಯಬೇಕು, ಈ ಸಲ ಬಂದ ನೂರ ಅರವತ್ತನಾಲ್ಕು ವಸ್ತುಗಳನ್ನೂ ಗೋಡೆಗೆ ಏರಿಸಬೇಕು. ವೇದಿಕೆಯ ಮೇಲೆ ಇವರಿಗೆ ಕುರ್ಚಿ ಹಾಕಿದ್ದನ್ನು ಕಂಡವರಿಲ್ಲ.

ಕೇಳಿದರೆ ನಗುತ್ತಾರೆ. “ಕುರ್ಚಿ ತಗಂಡು ಏನ್ ಮಾಡ್ಲಿ? ನನಗೆ ಮಾರನೇ ದಿನ ಬೆಳಿಗ್ಗೆ ಭವನ ಬಿಟ್ಕೊಟ್ರೆ ಸಾಕು.”

ಆ ಬೆಳಗಿನ ಪಾಠಕ್ಕೆ ಮಕ್ಕಳು ಇಟ್ಟ ಹೆಸರು ‘ನೋಡೋ ಪಾಠ’. ಗೆದ್ದದ್ದು, ಸೋತದ್ದು ಎರಡರ ಮುಂದೆಯೂ ನಿಲ್ಲಬೇಕು. ಕಂಡದ್ದನ್ನು ಹೇಳಬೇಕು. ಅಲ್ಲಿ ಚೆನ್ನಾಗಿದೆ ಎನ್ನುವ ಮಾತಿಗೆ ಪ್ರವೇಶವಿಲ್ಲ. “ಚೆನ್ನಾಗೈತೆ ಅಂದ್ರೆ ನೋಡಿಲ್ಲ ಅಂತ ಅರ್ಥ. ಏನೈತೆ ಹೇಳ್ರಿ, ಎಲ್ಲೈತೆ ಹೇಳ್ರಿ” ಎಂದು ಗದರುತ್ತಾರೆ.

ನೋಡುವುದನ್ನು ಕಲಿಸುವವರಿಗೇ ಹೀಗೆ ಕಣ್ಣು ಕೈಕೊಟ್ಟದ್ದು ಹೇಗೆ? ಉತ್ತರ ಅವರ ಮನೆಯಲ್ಲೇ ಇದೆ. ಅಪ್ಪ ಜುಂಜಪ್ಪ ಕುರಿ ಕಾಯ್ದು ಕಂಬಳಿ ನೇಯ್ದವರು, ಅವ್ವ ನಾಗಕ್ಕ ಉಣ್ಣೆ ನೂತವರು. “ನಾವು ಕಂಬಳಿಯೋರು ಕಣ್ರಿ. ಕಂಬಳಿಗೆ ಎದೆ ಬೆನ್ನು ಅಂತ ಇಲ್ಲ, ಯಾವ ಕಡೆ ಹೊದ್ದರೂ ಬೆಚ್ಚಗಿರ್ತೈತೆ. ಕೈಯಾಡಿಸಿದ್ರೆ ಎಳೆ ಸಿಗ್ಬೇಕು, ಅದೇ ಒಳ್ಳೇ ನೇಯ್ಗೆ ಅಂತ ಅಪ್ಪ ಹೇಳೋನು. ಬಟ್ಟೆ ಗೋಡೆಗೆ ಹಾಕಿದ ಸಂಜೆ ಕರೆಂಟ್ ಇರ್ಲಿಲ್ಲ. ಬಟ್ಟೆ ಮೇಲೆ ಕೈಯಾಡಿಸ್ದೆ. ಎಳೆ ಸಿಕ್ಕ ಕಡೆನೇ ಮುಖ ಅನ್ಕೊಂಡೆ.” ರೇಷ್ಮೆಯಲ್ಲಿ ಎಳೆ ಸಿಗುವುದು ಹಿಂಬದಿಯಲ್ಲಿ. ಹುಟ್ಟಿನಿಂದ ಬಂದ ಕೈಯ ಅಭ್ಯಾಸ ಹುಡುಗಿಯ ಆರು ವಾರದ ಕೆಲಸವನ್ನು ನುಂಗಿಹಾಕಿತ್ತು.

ಸಣ್ಣ ನಷ್ಟವಲ್ಲ ಇದು. ಕರಕುಶಲದಲ್ಲಿ ಮೊದಲು ಬಂದದ್ದು ಜಿಲ್ಲೆಯ ಪ್ರದರ್ಶನಕ್ಕೆ ಹೋಗುತ್ತದೆ. ಸ್ಪರ್ಧೆ ಹತ್ತನೇ ತರಗತಿಯವರೆಗೆ ಮಾತ್ರ. ತೇಜಶ್ರೀಗೆ ಮುಂದಿನ ವರ್ಷ ಎಂಬುದೇ ಇಲ್ಲ.

ಏಳು ಗಂಟೆಗೆ ಸ್ಪರ್ಧಾ ಸಮಿತಿಯ ಹಿರಿಯ ಜಯದೇವಪ್ಪ ಕುರ್ಚಿ ಲೆಕ್ಕ ಹಾಕಲು ಬರುತ್ತಾರೆ. ಮೇಷ್ಟ್ರು ಬಟ್ಟೆಯನ್ನು ತಿರುಗಿಸಿ ಅವರ ಮುಂದೆ ಹಿಡಿಯುತ್ತಾರೆ.

“ತಪ್ಪು ನಂದು. ಹುಡುಗಿದಲ್ಲ. ಇನ್ನೊಂದ್ಸಲ ತೀರ್ಪುಗಾರರಿಗೆ ತೋರಿಸ್ರಿ.”

ಜಯದೇವಪ್ಪ ಕೆಟ್ಟವರೇನಲ್ಲ. ಗಿಣಿಯನ್ನು ಬಹಳ ಹೊತ್ತು ನೋಡುತ್ತಾರೆ. “ಎಷ್ಟ್ ಚೆಂದ ಮಾಡೈತೆ ಮಗು” ಎನ್ನುತ್ತಾರೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾರೆ. “ಪಟ್ಟಿ ನಿನ್ನೆ ರಾತ್ರಿನೇ ಜಿಲ್ಲೆಗೆ ಹೋಯ್ತಲ್ಲ ಬಾಲರಾಜ್. ಎಲ್ಲರ ಸಹಿ ಬಿದ್ದೈತೆ. ಗೆದ್ದ ಹುಡುಗನ ಹತ್ರ ಕಪ್ಪು ವಾಪಸ್ ಕೇಳೋಕಾಗ್ತದಾ? ಇನ್ಮೇಲೆ ಏನೂ ಮಾಡಕ್ಕಾಗಲ್ಲ.” ಮೇಷ್ಟ್ರು ಕೈ ಮುಗಿಯುತ್ತಾರೆ, ಮತ್ತೆ ಕೇಳುತ್ತಾರೆ. ಉತ್ತರ ಬದಲಾಗುವುದಿಲ್ಲ.

ಎಂಟಕ್ಕೆ ಮೂವತ್ತೊಂದು ಮಕ್ಕಳು ಬಸ್ಸಿಳಿದು ಬರುತ್ತಾರೆ. ಪಾಠ ಶುರುವಾಗುವುದು ಮೊದಲ ಬಹುಮಾನದ ಥರ್ಮಾಕೋಲ್ ಗುಡಿಯಿಂದ. ಒಂಬತ್ತನೇ ತರಗತಿಯ ಸ್ವಪ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳುತ್ತಾಳೆ: “ಸಾರ್, ಬಾಗ್ಲು ಇಷ್ಟೇ ಐತೆ, ದೇವ್ರು ಅಷ್ಟ್ ದೊಡ್ಡದೈತೆ. ದೇವ್ರು ಒಳಗ್ ಹೆಂಗ್ ಹೋಯ್ತು?” ಎಲ್ಲರೂ ಗೊಳ್ಳೆನ್ನುತ್ತಾರೆ. ಬೇರೆ ವರ್ಷವಾಗಿದ್ದರೆ ಎಲ್ಲರಿಗಿಂತ ಜೋರಾಗಿ ಮೇಷ್ಟ್ರೇ ನಗುತ್ತಿದ್ದರು. ಇವತ್ತು ತುಟಿಯಂಚಿನಲ್ಲಿ ನಕ್ಕು ಮುಂದೆ ಹೋಗುತ್ತಾರೆ.

ಮೂಲೆ ಬರುತ್ತದೆ. ಬಟ್ಟೆ ಈಗ ಸರಿಯಾಗಿ ತೂಗುತ್ತಿದೆ. ಗಿಣಿ ನೋಡಲು ಮಕ್ಕಳು ಹತ್ತಿರ ನುಗ್ಗುತ್ತಾರೆ. ತೇಜಶ್ರೀ ಹಿಂದಿನ ಸಾಲಿನಲ್ಲಿದ್ದಾಳೆ. ನೆಲ ನೋಡುತ್ತಿದ್ದಾಳೆ.

“ಇದನ್ನ ನಾನು ತಿರುಗಾಮುರುಗಾ ಹಾಕಿದ್ದೆ” ಎನ್ನುತ್ತಾರೆ ಮೇಷ್ಟ್ರು. “ತೀರ್ಪುಗಾರರು ನೋಡಿದ್ದು ಬೆನ್ನು. ಚೀಟಿನಾಗೆ ಬರ್ದಿರೋದು ಈ ಕೆಲಸಕ್ಕಲ್ಲ, ನನ್ನ ಕೆಲಸಕ್ಕೆ. ತೇಜಶ್ರೀ, ನಿನ್ನ ಬಹುಮಾನ ನಾನೇ ಕಳ್ದೆ ಕಣಮ್ಮ. ವಾಪಸ್ ತರಕ್ಕೆ ನೋಡ್ದೆ, ಆಗ್ಲಿಲ್ಲ.”

ಹುಡುಗಿ ಅಳುವುದಿಲ್ಲ. “ಗೊತ್ತಿತ್ತು ಸಾರ್” ಎನ್ನುತ್ತಾಳೆ.

“ಏನ್ ಗೊತ್ತಿತ್ತು?”

“ಉಲ್ಟಾ ಐತೆ ಅಂತ. ಮೊದ್ಲನೇ ದಿನನೇ ನೋಡ್ದೆ. ನಾನ್ನನೂ ಬಂದು ನೋಡಿತ್ತು. ಸಾರ್‌ಗೆ ಹೇಳು ಅಂತು ನಾನ್ನ. ನಾನೇ ಬ್ಯಾಡ ಅಂದೆ. ಹಾಕಿರೋದು ನೀವಲ್ವಾ ಸಾರ್, ಸ್ಪರ್ಧೆಗೆ ಹಿಂಗೇ ತೋರಿಸ್ಬೇಕೇನೋ ಅನ್ಕೊಂಡೆ.”

ಮನೆಯಲ್ಲಿ ತೆಲುಗಾಡುವ ಹುಡುಗಿಗೆ ಅಪ್ಪ ಎಂದರೆ ನಾನ್ನ. ಅಪ್ಪ ಯರ್ರಪ್ಪ ಮೂವತ್ತು ವರ್ಷದಿಂದ ರೇಷ್ಮೆ ನೇಯುವವರು. ಆ ಮನುಷ್ಯ ಕೂಡ ಮಗಳ ಬಟ್ಟೆಯ ಬೆನ್ನು ನೋಡಿ, ಮೇಷ್ಟ್ರ ಮರ್ಯಾದೆಗೆ ತಲೆಬಾಗಿ, ಸುಮ್ಮನೆ ಬಸ್ಸು ಹತ್ತಿದ್ದಾರೆ.

ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಬಹುಮಾನ ಕಳೆದದ್ದಕ್ಕಿಂತ ಈ ಮಾತು ಅವರನ್ನು ಹೆಚ್ಚು ಇರಿದಿದೆ. ಯಾರ ಕೆಲಸವನ್ನಾದರೂ ಎದುರು ನಿಂತು ನೋಡಿ, ಬಾಯಿಬಿಟ್ಟು ಹೇಳಿ ಎಂದು ಇಪ್ಪತ್ತೆರಡು ವರ್ಷ ಕಲಿಸಿದ್ದಾರೆ. ತಮ್ಮ ಕೆಲಸವೂ ಆ ಲೆಕ್ಕಕ್ಕೆ ಬರುತ್ತದೆ ಎಂದು ಮಕ್ಕಳಿಗೆ ಒಮ್ಮೆಯೂ ಹೇಳಿಲ್ಲ. “ನಾನು ಪಿನ್ನು ಹೊಡೆಯೋನು ಕಣ್ರೋ, ನಾನೇನ್ ದೇವ್ರಾ?” ಎನ್ನುತ್ತಾರೆ. ಈ ಸಲ ಯಾರೂ ನಗುವುದಿಲ್ಲ.

ಹತ್ತು ಗಂಟೆ. ಶಾಮಿಯಾನದವರು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಮಕ್ಕಳು ತಮ್ಮ ತಮ್ಮ ಹಾಳೆ ಸುತ್ತಿಕೊಳ್ಳುತ್ತಾರೆ. ಥರ್ಮಾಕೋಲ್ ಗುಡಿ ಜಿಲ್ಲೆಗೆ ಹೋಗಲು ಆಟೋ ಹತ್ತುತ್ತದೆ. ಮೇಷ್ಟ್ರು ರೇಷ್ಮೆ ತುಣುಕು ಬಿಚ್ಚಿ, ಗಿಣಿ ಮೇಲೆ ಕಾಣುವಂತೆ ಜೋಪಾನವಾಗಿ ಮಡಚತೊಡಗುತ್ತಾರೆ.

“ಹಂಗಲ್ಲ ಸಾರ್.” ತೇಜಶ್ರೀ ಮುಂದೆ ಬಂದಿದ್ದಾಳೆ. ಕಿವಿ ಕೆಂಪಗಾಗಿದೆ. “ಮುಖ ಒಳಗ್ ಮಾಡಿ ಮಡಚ್ಬೇಕು. ಜರಿ ಉಜ್ಜಿದ್ರೆ ಹಾಳಾಗ್ತೈತೆ. ನೀವು ಮಾಡ್ತಿರೋದು ತಪ್ಪು.”

ಮೇಷ್ಟ್ರು ಬಟ್ಟೆ ಬಿಡಿಸಿ, ಅವಳು ಹೇಳಿದಂತೆ ಮಡಚಿ, ಅವಳ ಕೈಗಿಡುತ್ತಾರೆ. ಅವಳು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ ಮೇಲೆ ಖಾಲಿ ಗೋಡೆಯ ಮುಂದೆ ಒಬ್ಬರೇ ನಿಂತು ಹೇಳುತ್ತಾರೆ:

“ಪಾಠ ಕಲ್ತಳು. ನಾನು ಮೂರು ದಿನ ಮುಂಚೆ ಕಲಿಸ್ಬೇಕಿತ್ತು.”